ಓನರಮ್ಮನ ಗೋಡೆ

ನಮ್ಮ ಓನರಮ್ಮನ ಬಲಗೈಯಲ್ಲಿ ರೇಖೆಗಳೇ ಇರಲಿಲ್ಲ. ಸುಣ್ಣ ತಿಂದುಹಾಕಿತ್ತು. ಅಂಗೈ ಬೂದಿಬಣ್ಣಕ್ಕೆ ತಿರುಗಿ, ಬೆರಳ ತುದಿಗಳು ಸವೆದು ನುಣ್ಣಗಾಗಿ, ಉಗುರುಗಳು ಅರ್ಧಕ್ಕೇ ನಿಂತುಬಿಟ್ಟಿದ್ದವು. ಊಟಕ್ಕೆ ಮುಂಚೆ ಎಷ್ಟು ತೊಳೆದರೂ ಉಗುರಿನ ಬುಡದಲ್ಲಿ ಒಂದು ಬಿಳಿ ಗೆರೆ ಉಳಿದೇ ಇರುತ್ತಿತ್ತು. ಒಂದು ಸಲ ಕಣಿ ಹೇಳುವ ಹೆಂಗಸೊಬ್ಬಳು ಜಗಲಿಯ ಮೇಲೆ ಕೂತು, ಬಲವಂತವಾಗಿ ಆ ಕೈ ಹಿಡಿದುಕೊಂಡು, ಬೆಳಕಿಗೆ ತಿರುಗಿಸಿ ನೋಡಿ, ಏನೂ ಕಾಣದೆ ಬೆಪ್ಪಾದಳು. ಓನರಮ್ಮ ಕೈ ಎಳೆದುಕೊಂಡು, "ಅದ್ರಲ್ಲಿ ಬರ್ದಿದ್ದು ನಂಗೆ ಇಷ್ಟ ಆಗ್ಲಿಲ್ಲಮ್ಮ, ನಾನೇ ಅಳಿಸ್ಬಿಟ್ಟೆ. ನೀನು ಟೀ ಕುಡ್ಕೊಂಡು ಹೋಗು" ಅಂದರು.

ಓನರಮ್ಮ ಅಂದರೆ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು. ಮುಸಲ್ಮಾನರ ಹೆಂಗಸು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಊರು ಕೋಲಾರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ಹೆಸರು ಬರೆಯುವುದಿಲ್ಲ. ಈ ಕತೆಯಲ್ಲಿ ಗೋಡೆ ಕೆಡವಲು ಆಳುಗಳ ಕೈಗೆ ಹಾರೆ ಕೊಟ್ಟು ಕರೆತಂದವರ ಮಕ್ಕಳು ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ನನಗೆ ನಮಸ್ಕಾರ ಮಾಡುತ್ತಾರೆ. ಹೆಸರು ಬಿಡುತ್ತಿರುವುದು ಆ ಮಕ್ಕಳ ಮುಖ ನೋಡಿಯೇ ಹೊರತು ಅವರಪ್ಪಂದಿರ ಮುಖ ನೋಡಿ ಅಲ್ಲ.

ಊರಿನ ಹಳೆಯ ಭಾಗಕ್ಕೆ ಕೋಟೆ ಅಂತಲೇ ಹೆಸರು. ನವಾಬರ ಕಾಲದಲ್ಲಿ ಕಟ್ಟಿದ್ದು. ಕಲ್ಲು, ಕೆಮ್ಮಣ್ಣು, ಗಾರೆ ಸೇರಿಸಿ ಎಬ್ಬಿಸಿದ ಗೋಡೆ, ಮೇಲೆ ಇಬ್ಬರು ಜೋಡಿಯಾಗಿ ನಡೆಯುವಷ್ಟು ಅಗಲ. ಒಳಗೆ ನಾಲ್ಕಾರು ಓಣಿ, ಗಿಡ್ಡ ಮಿನಾರುಗಳ ಒಂದು ಮಸೀದಿ, ಅದರ ಪಕ್ಕದಲ್ಲಿ ಮೆಟ್ಟಿಲು ಬಾವಿ. ಬಾಗಿಲು ಮಾತ್ರ ನೋಡುವ ಹಾಗಿತ್ತು. ಚೂಪು ತಲೆಯ ಎತ್ತರದ ಕಮಾನು, ಕಮಾನಿನ ಎರಡು ಭುಜದ ಮೇಲೂ ಗಾರೆಯಲ್ಲಿ ಮಾಡಿದ ಗಿಳಿ, ಗಿಳಿಯ ಬಾಯಲ್ಲಿ ದಾಳಿಂಬೆ. ಕಾವಲಿನವರು ಕೂರಲು ಎರಡೂ ಕಡೆ ಕಲ್ಲಿನ ಜಗಲಿ. ಕಮಾನು ದಾಟಿದರೆ ನೆಟ್ಟಗೆ ಊರೊಳಕ್ಕೆ ಹೋಗುವಂತಿಲ್ಲ, ಎದುರಿಗೆ ಗೋಡೆ. ಬಲಕ್ಕೆ ತಿರುಗಬೇಕು, ಮತ್ತೆ ಎಡಕ್ಕೆ. ದಂಡು ನುಗ್ಗಿ ಬರಬಾರದು ಅಂತ ಹಾಗೆ ಕಟ್ಟಿದ್ದಂತೆ. ಓನರಮ್ಮ ಬೇರೆ ಥರ ಹೇಳುತ್ತಿದ್ದರು: "ತಿರುಗೋವಾಗ ಮನುಷ್ಯನ ಮುಖ ಕಾಣುತ್ತೆ. ಯಾರು ಬಂದ್ರು ಅಂತ ಗೊತ್ತಾಗುತ್ತೆ. ನೆಟ್ಟಗೆ ಬಂದು ನೆಟ್ಟಗೆ ಹೋದ್ರೆ ಅದು ಊರಾ, ರೈಲ್ವೆ ಸ್ಟೇಷನ್ನಾ?"

ನಾನು ವಕ್ಕಲೇರಿ ಕಡೆಯ ರಾಗಿ ಬೆಳೆಯುವವರ ಮನೆಯ ಹುಡುಗಿ. ಮದುವೆಯಾದ ವರ್ಷವೇ, ಎಪ್ಪತ್ತರ ದಶಕದ ನಡುವಿನಲ್ಲಿ, ನಮ್ಮೆಜಮಾನರಿಗೆ ಆ ಊರಿನ ಹೈಸ್ಕೂಲಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿ, ಮನೆ ಹುಡುಕಿಕೊಂಡು ಕೋಟೆಯೊಳಕ್ಕೆ ಬಂದೆವು. ಓನರಮ್ಮ ನಮ್ಮ ಜಾತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ.

"ಬಾಡಿಗೆ ಹಿಂದೆ ಮುಂದೆ ಆದ್ರೂ ಪರವಾಗಿಲ್ಲ. ವರ್ಷಾ ವರ್ಷಾ ರೋಹಿಣಿ ಮಳೆ ಬರೋಕ್ ಮುಂಚೆ ಗೋಡೆಗೆ ಟೋಪಿ ಹಾಕ್ಬೇಕು. ಆಗುತ್ತಾ?"

ನಮ್ಮೆಜಮಾನರು ತಮಾಷೆ ಅಂದುಕೊಂಡು ನಕ್ಕರು. ಓನರಮ್ಮ ನಗಲಿಲ್ಲ. "ತಲೆ ನೆನೆದ್ರೆ ನಿಂಗೂ ನೆಗಡಿ ಬರುತ್ತಲ್ಲಪ್ಪ. ಗೋಡೆಗೂ ಹಂಗೇ. ಆಗಲ್ಲ ಅನ್ನೋದಾದ್ರೆ ನಕ್ಕೊಂಡು ಬೇರೆ ಕಡೆ ಮನೆ ನೋಡ್ಕೊಳ್ಳಿ."

ಅವರ ಮನೆ, ಪಕ್ಕದಲ್ಲಿ ಅವರವೇ ನಾಲ್ಕು ಬಾಡಿಗೆ ಮನೆ, ಐದಕ್ಕೂ ಹಿಂದಿನ ಗೋಡೆ ಅಂತ ಬೇರೆ ಇರಲಿಲ್ಲ. ಕೋಟೆಯ ಗೋಡೆಯೇ ಗೋಡೆ. ಹೀಗಾಗಿ ಬಾಡಿಗೆದಾರರು ತಮ್ಮ ಮನೆಯ ಹಿಂದಿನ ಭಾಗವನ್ನು ತಾವೇ ನೋಡಿಕೊಳ್ಳಬೇಕು ಅನ್ನುವುದು ಅವರ ಕರಾರು. ಸುಟ್ಟ ಸುಣ್ಣದ ಕಲ್ಲನ್ನು ಹಳ್ಳದಲ್ಲಿ ಹಾಕಿ, ನೀರು ಬಿಟ್ಟು, ಅದು ಕೊತಕೊತ ಕುದ್ದು ತಣ್ಣಗಾದ ಮೇಲೆ ತಿಂಗಳುಗಟ್ಟಲೆ ನೆನೆಯಲು ಬಿಡುತ್ತಿದ್ದರು. ಬೇಸಿಗೆಯಲ್ಲಿ ಅದಕ್ಕೆ ಜೇಡಿಮಣ್ಣು, ಬೆಲ್ಲದ ನೀರು, ಕತ್ತರಿಸಿದ ರಾಗಿ ಹುಲ್ಲು ಕಲಸಿ ಗೋಡೆಯ ತಲೆಗೆ ಮೆತ್ತುವುದು. ಅದೇ ಟೋಪಿ. ರಾಗಿ ಹುಲ್ಲು ಪ್ರತಿ ವರ್ಷ ನನ್ನ ತವರಿಂದ ಬಸ್ಸಿನ ಟಾಪಿನ ಮೇಲೆ ಬರುತ್ತಿತ್ತು. ನಾವು ಮೇಲೆ ಹತ್ತಿ ಮೆತ್ತುತ್ತಿದ್ದರೆ ಓನರಮ್ಮ ಕೆಳಗೆ ನಿಂತು ಬೈಯುತ್ತಿದ್ದರು. ನಮ್ಮೆಜಮಾನರಿಗಂತೂ ಮೂರನೇ ಮನೆಯ ಹಾಲಿನಮ್ಮನ ಹಸುಗಳ ಮುಂದೆಯೇ, "ಏನ್ರೀ, ಫೈಲಿಗೆ ಗೋಂದು ಹಚ್ತಿದೀರಾ? ಕೈಯಲ್ಲಿ ಒತ್ರೀ" ಅಂತ ಮಂಗಳಾರತಿ.

ಇನ್ನೊಂದು ಹೇಳಬೇಕು. ಆ ಗೋಡೆಯಲ್ಲಿ ಉದ್ದಕ್ಕೂ ಬಂದೂಕಿನ ನಳಿಗೆ ತೂರಿಸುವ ಕಿಂಡಿಗಳಿದ್ದವು, ಒಳಗಡೆ ಅಗಲ, ಹೊರಗಡೆ ಬರೀ ಒಂದು ಸೀಳು. ನಮ್ಮ ಅಡಿಗೆಮನೆಗಳು ಆ ಗೋಡೆಗೇ ಆನಿಕೊಂಡಿದ್ದವು. ಒಲೆಯ ಹೊಗೆ ಹೊರಗೆ ಹೋಗುತ್ತಿದ್ದುದು ಆ ಕಿಂಡಿಗಳಿಂದಲೇ. ಬೆಳಿಗ್ಗೆ ಕೆರೆಯ ಕಡೆಯಿಂದ ನೋಡಿದರೆ ಯಾರ ಮನೆಯಲ್ಲಿ ಒಲೆ ಹೊತ್ತಿದೆ, ಯಾರು ಇನ್ನೂ ಎದ್ದಿಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು. ನಾನು ತಡವಾಗಿ ಎದ್ದ ದಿನ ಓನರಮ್ಮ, "ಏಮ್ಮಾ, ಇವತ್ತು ನಿಮ್ಮ ಫಿರಂಗಿಗೆ ರಜಾನಾ?" ಅಂತ ಕೇಳುತ್ತಿದ್ದರು.

ಆಮೇಲೆ ರಸ್ತೆ ಕಮಿಟಿಯವರು ಬಂದರು. ಊರಿನಾಚೆ ರೇಷ್ಮೆ ಗೂಡಿನ ಮಾರ್ಕೆಟ್ ಶುರುವಾಗಿತ್ತು. ಲಾರಿಗಳು ಸುತ್ತಿಕೊಂಡು ಹೋಗಬೇಕು, ಕೋಟೆ ಬಾಗಿಲು ಅಡ್ಡ, ಹಾಗಾಗಿ ಬಾಗಿಲನ್ನೂ ಅದರ ಎರಡೂ ಪಕ್ಕದ ಗೋಡೆಯನ್ನೂ ಕೆಡವಿ ನೆಟ್ಟಗೆ ರಸ್ತೆ ಮಾಡುವುದು ಅಂತ ಠರಾವಾಯಿತು. ಐದು ಮನೆಗಳಿಗೂ ಬೇರೆ ಜಾಗ ಕೊಡುತ್ತೇವೆ ಅಂದರು. ಓನರಮ್ಮನಿಗೆ ಅದರಿಂದ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತಿತ್ತು. ಕೋಲಾರದಲ್ಲಿದ್ದ ಮೈದುನ ಎಷ್ಟೋ ಸಲ ಬಂದು, "ಒಬ್ರೇ ಯಾಕಿರ್ತೀರಿ ಭಾಬಿ, ನಮ್ಮನೆ ಹಿತ್ಲಲ್ಲಿ ಒಂದು ರೂಮಿದೆ" ಅಂತ ಕರೆದಿದ್ದ. ಆ ರೂಮಿನಲ್ಲಿ ಕಟ್ಟಿಗೆ ತುಂಬಿರುತ್ತಿತ್ತು. ಈ ಮನೆ, ಇದರ ಬಾಡಿಗೆ ಎರಡೂ ಹೋದರೆ ಅವರಿಗೆ ಉಳಿದದ್ದು ಆ ಕಟ್ಟಿಗೆ ರೂಮೊಂದೇ.

"ಮನೆ ಬೇರೆ ಕಟ್ಕೋಬಹುದು," ಅಂದರು ಒಂದು ದಿನ ಸುಣ್ಣ ಕಲಸುತ್ತಾ. "ಕಟ್ಟೋ ಅಷ್ಟರಲ್ಲಿ ನೀವೆಲ್ಲ ಒಂದೊಂದು ದಿಕ್ಕಿಗೆ ಹೋಗಿರ್ತೀರಿ. ನಾನು ಒಬ್ಳೇ ಆಗಿ ಯಾರ್ದೋ ಮನೆ ಹಿಂದೆ ಕೂತು, ಯಾವಾಗ ಅನ್ನ ಹಾಕ್ತಾರೆ ಅಂತ ಕಾಯ್ಬೇಕು. ಆಗಲ್ಲ. ನನ್ನ ಕೈಲಿ ಆಗಲ್ಲ ಕಣೇ."

ಆದರೆ ಜಗಳ ಶುರುವಾದದ್ದು ಅವರಿಂದಲ್ಲ, ನನ್ನಿಂದ. ದಸರೆಗೆ ಎರಡು ದಿನ ಮುಂಚೆ ನಾನು ತವರಿಂದ ವಾಪಸ್ ಬಂದೆ. ನೋಡುತ್ತೇನೆ, ಗೋಡೆಯ ಹೊರಮೈ ಮೇಲೆ ಅಲ್ಲಲ್ಲಿ ಕೆಮ್ಮಣ್ಣಿನ ದಪ್ಪ ಪಟ್ಟೆ ಎಳೆದಿದ್ದಾರೆ. ನಮ್ಮ ಕಡೆ ದೇವಸ್ಥಾನದ ಗೋಡೆಗೆ ಕೆಂಪು ಒಂದು, ಬಿಳಿ ಒಂದು ಪಟ್ಟೆ ಬಳಿಯುವುದು ಎಲ್ಲರಿಗೂ ಗೊತ್ತು. ಯಾರೋ ಹಬ್ಬಕ್ಕೆ ಅಂತ ಕೆಂಪು ಬಳಿದು, ಬಿಳಿ ಬಳಿಯದೆ ಸೋಮಾರಿತನಕ್ಕೆ ಬಿಟ್ಟು ಹೋಗಿದ್ದಾರೆ ಅಂದುಕೊಂಡೆ. ಸಿಟ್ಟು ಬಂತು. ಸುಣ್ಣದ ಬಕೆಟ್ಟು, ಕತ್ತಾಳೆ ನಾರಿನ ಕುಂಚ ತಗೊಂಡು ನಡುವೆಯೆಲ್ಲ ಬಿಳಿ ಪಟ್ಟೆ ತುಂಬಿಸಿದೆ. ಕೆಂಪು ಎಲ್ಲಿ ಕಮ್ಮಿಯಾಗಿ ಕಂಡಿತೋ ಅಲ್ಲಿ ನಮ್ಮನೆ ಹೊಸ್ತಿಲಿಗೆ ಇಟ್ಟಿದ್ದ ಕೆಮ್ಮಣ್ಣಿನಲ್ಲಿ ನಾನೇ ಎಳೆದೆ. ಸಂಜೆ ಹೊತ್ತಿಗೆ ಗೋಡೆ ಮದುವಣಗಿತ್ತಿ ಹಾಗೆ ಆಗಿತ್ತು.

ಮಾರನೇ ದಿನ ಕಮಿಟಿಯ ಓವರ್‌ಸಿಯರು ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಯಾವಾಗಲೂ ಛತ್ರಿ, ಮಾತಿನಲ್ಲಿ ಅರ್ಧ ತೆಲುಗು. ಎಲ್ಲಿಂದ ಎಲ್ಲಿಗೆ ಕೆಡವಬೇಕು ಅಂತ ಗುರುತು ಹಾಕಿ ಹೋದದ್ದು ಅವರೇ. ಗೋಡೆಯ ಮುಂದೆ ಆ ಕಡೆ ಈ ಕಡೆ ಓಡಾಡಿ ನನ್ನನ್ನು ಕರೆದರು.

"ಅಮ್ಮಾ, ಇದ್ರಲ್ಲಿ ನಾನು ಹಾಕಿದ್ದು ಯಾವುದು?"

"ನೀವು ಹಾಕಿದ್ದು ಸೊಟ್ಟ ಇತ್ತು ಸಾರ್. ನಾನು ಸರಿ ಮಾಡ್ದೆ," ಅಂದೆ. ನಿಜವಾಗಿಯೂ ಉಪಕಾರ ಮಾಡಿದ್ದೇನೆ ಅಂತಲೇ ತಿಳಿದಿದ್ದೆ.

ಓನರಮ್ಮ ಬಾಗಿಲ ಜಗಲಿಯ ಮೇಲೆ ಕೂತು ನಕ್ಕರು ನೋಡಿ, ತಲೆಯ ಮೇಲಿನ ಸೆರಗು ಜಾರುವಷ್ಟು ನಕ್ಕರು. ಆಮೇಲೆ ಥಟ್ಟನೆ ನಿಲ್ಲಿಸಿ ಓವರ್‌ಸಿಯರ ಮುಖ ನೋಡಿದರು. "ಸಾರ್, ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೀಬಾರ್ದು ಅಂತ ಕಾಯ್ದೆ ಏನಾದ್ರೂ ಇದೆಯಾ?"

"ಕಾಯ್ದೆ ಎಲ್ಲಿರುತ್ತಮ್ಮ."

"ಹಂಗಾದ್ರೆ ಹಬ್ಬ ಮುಗೀಲಿ. ಬನ್ನಿ."

ಹಬ್ಬ ಮುಗಿಯಿತು, ಅವರು ಬಂದು ಗುರುತು ಹಾಕಿದರು. ದೀಪಾವಳಿ ಬಂತು, ನಾವು ಸುಣ್ಣ ಹೊಡೆದೆವು. ಮತ್ತೆ ಗುರುತು. ಸಂಕ್ರಾಂತಿ. ಮತ್ತೆ ಗುರುತು. ಯುಗಾದಿ, ರಂಜಾನು, ಬಕ್ರೀದು, ಬಾಬಯ್ಯನ ಹಬ್ಬ, ಗೌರಿ. ಎರಡು ಮತದವರು ಒಂದೇ ಗೋಡೆಗೆ ಆನಿಕೊಂಡಿದ್ದರೆ ಹಬ್ಬಕ್ಕೇನು ಬರ? ಯಾವ ಹಬ್ಬವೂ ಇಲ್ಲದ ಒಂದು ತಿಂಗಳು ಹಾಲಿನಮ್ಮನ ಹಸು ಹೆಣ್ಣು ಕರು ಹಾಕಿತು. ಅದಕ್ಕೂ ಹೊಡೆದೆವು. ಓವರ್‌ಸಿಯರು ಛತ್ರಿಯ ಮೇಲೆ ಗದ್ದ ಊರಿ ನೋಡುತ್ತಾ, "ಏಂ ಚೇಸೇದಮ್ಮಾ, ಏನು ಮಾಡ್ಲಿ ನಾನು," ಅನ್ನುತ್ತಿದ್ದರು. ಕೆಟ್ಟವರಲ್ಲ. ಓನರಮ್ಮ ಅವರಿಗೆ ಟೀ ಕೊಡದೆ ಒಂದು ಸಲವೂ ಕಳಿಸಲಿಲ್ಲ.

ಕಮಿಟಿಯ ಅಧ್ಯಕ್ಷರು ಅಷ್ಟು ಒಳ್ಳೆಯವರಾಗಿರಲಿಲ್ಲ. ಡಾಂಬರಿನಲ್ಲಿ ಗುರುತು ಹಾಕಿಸಿದರು. ಡಾಂಬರಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಎಷ್ಟು ಬಳಿದರೂ ಕರಿ ಮೇಲೆ ಬರುತ್ತದೆ. ಓನರಮ್ಮ ಎರಡು ದಿನ ಅದರ ಮೇಲೆ ಬಳಿದು ಬಳಿದು ನೋಡಿದರು. ಮೂರನೇ ದಿನ ಎದ್ದು ಹಾಲಿನಮ್ಮನ ಮನೆಗೆ ಹೋದರು. ಅವರಿಬ್ಬರಿಗೂ ವರ್ಷಗಳಿಂದ ಒಂದೇ ಜಗಳ: ಹಾಲಿನಮ್ಮ ಗೋಡೆಯ ಮೇಲೆ ಬೆರಣಿ ತಟ್ಟುತ್ತಾಳೆ, ಸುಣ್ಣ ಹಾಳಾಗುತ್ತದೆ ಅಂತ. ಸಗಣಿಯ ಒಂದು ಕಲೆ ಕಂಡರೂ ಓನರಮ್ಮ ಓಣಿಯುದ್ದಕ್ಕೂ ಕೂಗಾಡುತ್ತಿದ್ದರು. ಅಂಥವರು ಹೋಗಿ, "ಬಾಮ್ಮ, ನಿನ್ನ ಬೆರಣಿ ತಟ್ಟು. ಕರೀದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ತಟ್ಟು" ಅಂದರು. ಹಾಲಿನಮ್ಮ ಖುಷಿಯಿಂದ ತಟ್ಟಿದಳು. ಓನರಮ್ಮ ಬೆರಣಿ ಇದ್ದಷ್ಟು ದಿನವೂ ಆ ಕಡೆ ತಲೆಯೆತ್ತಿ ನೋಡಲಿಲ್ಲ.

ಆಗ ನಮ್ಮೆಜಮಾನರಿಗೆ ಬಿಸಿ ಮುಟ್ಟಿತು. ಯಾರೋ ದೊಡ್ಡವರು ಅವರನ್ನು ಕರೆಸಿ, ನಿಮ್ಮ ಹೆಂಗಸಿಗೆ ಬುದ್ಧಿ ಹೇಳಿ ಅಂದರಂತೆ. ರಾತ್ರಿ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದರು, ತಿನ್ನಲಿಲ್ಲ.

"ನಿನ್ನ ಸುಣ್ಣದ ಬಕೆಟ್ಟು ನನ್ನನ್ನ ಶ್ರೀನಿವಾಸಪುರದ ಆಚೆಗೆ ಟ್ರಾನ್ಸ್‌ಫರ್ ಮಾಡ್ಸುತ್ತೆ ಕಣೇ."

ಆಗಲೇ ಎದ್ದು ಹೋಗಿ ಇದನ್ನು ಓನರಮ್ಮನಿಗೆ ಹೇಳಿದೆ. ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ. "ಹೌದಮ್ಮ, ಅವರದು ನೌಕರಿ. ನೀನು ಬಿಟ್ಬಿಡು. ನಿಮ್ಮನೆ ಹಿಂದಿನ ಗೋಡೆ ನಾನು ನೋಡ್ಕೋತೀನಿ," ಅಂದರು. ಬೈದಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಹಾಗಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಆ ವಯಸ್ಸಿನಲ್ಲಿ, ಆ ಮೊಣಕಾಲು ನೋವಿನಲ್ಲಿ, ನನ್ನ ಪಾಲಿನ ಗೋಡೆಯನ್ನೂ ಅವರು ಹತ್ತುವುದೇ? ಮನೆಗೆ ಬಂದು ಗಂಡನಿಗೆ ಹೇಳಿದೆ: "ಟ್ರಾನ್ಸ್‌ಫರ್ ಆದ್ರೆ ನೀವು ಹೋಗಿ. ಶನಿವಾರ ಶನಿವಾರ ಬನ್ನಿ. ನಾನು ಎಲ್ಲಿಗೂ ಬರಲ್ಲ." ಅವರು ನನ್ನ ಮುಖ ನೋಡಿ, ಆರಿದ ಅನ್ನ ತಿಂದು ಕೈ ತೊಳೆದರು.

ಕೊನೆಗೆ ಒಂದು ದಿನ ಗುರುತು ಗಿರುತು ಯಾವುದೂ ಬೇಡ ಅಂತ ಅಧ್ಯಕ್ಷರೇ ಜೀಪಿನಲ್ಲಿ ಬಂದರು. ಹಿಂದೆ ಟ್ರ್ಯಾಕ್ಟರಿನ ತುಂಬ ಆಳುಗಳು, ಹಾರೆ, ಪಿಕಾಸಿ. ಬರುತ್ತಾರೆ ಅಂತ ಓವರ್‌ಸಿಯರು ಹಿಂದಿನ ದಿನವೇ ಟೀ ಕುಡಿಯುತ್ತಾ ಬಾಯಿ ಜಾರಿಸಿದ್ದರು. ಜಾರಿಸಿದರೋ, ಬೇಕಂತಲೇ ಹೇಳಿದರೋ, ನಾನು ಕೇಳಲಿಲ್ಲ. ಓನರಮ್ಮ ಸಂಜೆಯೇ ಮನೆ ಮನೆಗೆ ಬಂದು, "ಬೆಳಗಾಗೋ ಹೊತ್ಗೆ ಐದು ಒಲೆಯೂ ಹೊತ್ತಿರ್ಬೇಕು. ನಾನು ಹೇಳೋವರ್ಗೂ ಆರಕೂಡ್ದು," ಅಂತ ಹೇಳಿ ಹೋಗಿದ್ದರು. ಉರಿಸಲು ಹಿಪ್ಪುನೇರಳೆ ಕಡ್ಡಿ, ನೀಲಗಿರಿ ಎಲೆ, ಜತೆಗೆ ಡಾಂಬರಿನ ಮೇಲೆ ತಟ್ಟಿದ್ದ ಅವೇ ಬೆರಣಿ. ಹಾಲಿನಮ್ಮ ಗೋಡೆಯಿಂದ ಕಿತ್ತು ಐದು ಮನೆಗೂ ಹಂಚಿದಳು.

ಜೀಪು ಬಂದು ನಿಂತಾಗ ಕೋಟೆಯ ಗೋಡೆಯ ಒಂದೊಂದು ಕಿಂಡಿಯಿಂದಲೂ ಹೊಗೆ ಬರುತ್ತಿತ್ತು. ದಟ್ಟ ಹೊಗೆ, ಸಾಲಾಗಿ. ನಾನು ಒಳಗೆ ಕೆಮ್ಮುತ್ತಾ ಊದುಗೊಳವೆ ಊದುತ್ತಿದ್ದೆ, ಹೊರಗಿನದನ್ನು ನೋಡಿದವರು ಹೇಳಿದ್ದು. ಆಳುಗಳು ಟ್ರ್ಯಾಕ್ಟರಿನಿಂದ ಇಳಿದು ಹಾಗೇ ನಿಂತರು. ಅವರ ಮೇಸ್ತ್ರಿ ಗೋಡೆ ನೋಡಿ, ಅಧ್ಯಕ್ಷರನ್ನು ನೋಡಿ, ತಲೆಯ ಟವಲ್ ತೆಗೆದು ಹೆಗಲಿಗೆ ಹಾಕಿಕೊಂಡ.

"ಒಲೆ ಉರೀತಿದೆ ಸಾರ್. ಉರಿಯೋ ಒಲೆ ಮೇಲೆ ಹಾರೆ ಹಾಕಲ್ಲ ನಾವು. ನಮಗೂ ಹೆಂಡ್ರು ಮಕ್ಳಿದಾರೆ. ಆರ್ಸೋಕೆ ಹೇಳಿ, ಆಮೇಲೆ ನೋಡಣ."

ಓನರಮ್ಮ ಕಮಾನಿನ ಕೆಳಗೆ ಕಾವಲಿನವರ ಜಗಲಿಯ ಮೇಲೆ ಕೂತಿದ್ದರು, ಕೈಯಲ್ಲಿ ಎಲೆಅಡಿಕೆ. ಅಧ್ಯಕ್ಷರು ಅವರ ಮುಂದೆ ಬಂದು, "ಅಮ್ಮ, ಒಲೆ ಆರ್ಸಿ," ಅಂದರು.

"ನನ್ನೊಬ್ಳದಾ ಸಾರ್ ಒಲೆ? ಒಳಗೆ ಹೋಗಿ ಆಯಾ ಹೆಂಗಸ್ರಿಗೆ ಹೇಳಿ. ಆದ್ರೆ ಅಡಿಗೆಮನೆ ನೋಡಿ, ಚಪ್ಪಲಿ ಬಿಟ್ಟು ಹೋಗಿ."

ಬಂದೇ ಬಿಟ್ಟರು ಪುಣ್ಯಾತ್ಮ. ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ, ಮೊದಲು ನಮ್ಮ ಮನೆಗೇ ಬಂದರು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತು, ಹೊಗೆಗೆ ಕಣ್ಣಲ್ಲಿ ನೀರು ಸುರಿಸುತ್ತಾ, ಒಲೆ ಆರಿಸಬೇಕು ಅಂದರು. "ಬೇಳೆ ಬೆಂದಿಲ್ಲ ಸಾರ್," ಅಂದೆ. ಯಾವಾಗ ಬೇಯುತ್ತದೆ ಅಂತ ಕೇಳಿದರು. "ನಮ್ಮೂರಿನ ಬೇಳೆ. ಮೊಂಡು. ಹೇಳಕ್ಕಾಗಲ್ಲ." ಹಾಲಿನಮ್ಮನ ಮನೆಯಲ್ಲಿ ಹಾಲು ಕಾಯುತ್ತಿತ್ತು. ಇನ್ನೊಂದು ಮನೆಯಲ್ಲಿ ಬಾಣಂತಿಗೆ ನೀರು. ಐದನೇ ಮನೆಯ ತನಕ ಅವರು ಹೋಗಲಿಲ್ಲ. ವಾಪಸ್ ಹೋಗುವಾಗ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತರು, ಆಮೇಲೆ ಡ್ರೈವರ್ ಬಂದು ತಗೊಂಡು ಹೋದ.

ಆಳುಗಳು ಮಧ್ಯಾಹ್ನದ ತನಕ ಕಾದರು. ಓನರಮ್ಮ ಅವರಿಗೆಲ್ಲ ಅನ್ನ ಸಾರು ಹಾಕಿಸಿದರು, ಹೇಗೂ ಐದು ಒಲೆಯ ಮೇಲೂ ಬೆಂದಿತ್ತಲ್ಲ. ಒಲೆಗಳು ಮಾರನೇ ದಿನವೂ ಉರಿದವು, ಅದರ ಮಾರನೇ ದಿನವೂ. ಮೇಸ್ತ್ರಿ ಮನಸ್ಸು ಬದಲಾಯಿಸಲಿಲ್ಲ, ಸುತ್ತಮುತ್ತ ಬೇರೆ ಆಳು ಕೇಳಿದರೂ ಸಿಗಲಿಲ್ಲ. ಕೊನೆಗೆ ಅಧ್ಯಕ್ಷರು ಟ್ರ್ಯಾಕ್ಟರನ್ನು ಪಡುವಣ ಕಡೆಗೆ ತಿರುಗಿಸಿದರು. ಅಲ್ಲಿ ಗೋಡೆಗೆ ಆನಿಕೊಂಡಿದ್ದದ್ದು ಒಬ್ಬ ವ್ಯಾಪಾರಿಯ ಗೋದಾಮು. ಆ ಗೋಡೆಗೆ ಯಾರೂ ಟೋಪಿ ಹಾಕುತ್ತಿರಲಿಲ್ಲ, ಮಳೆ ನೀರು ಕುಡಿದು ಸಡಿಲವಾಗಿತ್ತು. ಸಂಜೆಯೊಳಗೆ ಬುರುಜಿನ ಸಮೇತ ನೆಲಕ್ಕೆ ಬಿತ್ತು. ರಸ್ತೆ ಆ ಕಡೆಯಿಂದ ಹೋಯಿತು.

ನಾವೆಲ್ಲ ಗೆದ್ದೆವು ಅಂತ ಕುಣಿಯುತ್ತಿದ್ದರೆ ಓನರಮ್ಮ ಆ ಮಣ್ಣಿನ ಗುಡ್ಡೆಯ ಮುಂದೆ ಹೋಗಿ ನಿಂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅಲ್ಲೊಂದು ಒಲೆ ಇರ್ಲಿಲ್ಲ ನೋಡು," ಅಂದರು. ಮಾರನೇ ದಿನ ಬೆರಣಿಯ ಕಲೆಯನ್ನೆಲ್ಲ ಕೆರೆದು ಗೋಡೆಗೆ ಸುಣ್ಣ ಹೊಡೆಸಿದರು. ಹಾಲಿನಮ್ಮ ಮತ್ತೆ ಬೆರಣಿ ತಟ್ಟಲು ಹೋದಾಗ ಮೊದಲಿಗಿಂತ ಜೋರಾಗಿ ಜಗಳವಾಯಿತು. ನಮ್ಮೆಜಮಾನರ ಟ್ರಾನ್ಸ್‌ಫರ್ ಆಗಲೇ ಇಲ್ಲ.

ಎಂಬತ್ತರ ದಶಕದ ಮಧ್ಯದಲ್ಲಿ, ಒಂದು ಮಳೆಗಾಲ, ಓನರಮ್ಮ ತೀರಿಕೊಂಡರು. ಆ ವರ್ಷವೂ ಟೋಪಿ ಹಾಕಿಸಿಯೇ ಮಲಗಿದ್ದರು. ಖಬರಸ್ತಾನಕ್ಕೆ ಹೊಸ ರಸ್ತೆಯಲ್ಲಿ ಹೋದರೆ ಹತ್ತಿರ, ನೆಟ್ಟಗಿನ ದಾರಿ. ಮೈದುನ ಆ ಕಡೆಯಿಂದಲೇ ಹೋಗೋಣ ಅಂದ. ಯಾವಾಗಲೂ ಬಾಯಿ ಬಿಡದ ನಮ್ಮೆಜಮಾನರು, "ಅವರು ಬಾಗಿಲಿಂದಾನೇ ಹೋಗ್ತಾರೆ," ಅಂದರು. ಆ ಡೊಂಕು ದಾರಿಯಲ್ಲಿ ಜನಾಜಾ ತಿರುಗಿಸುವುದು ಸುಲಭವಲ್ಲ. ಹೊತ್ತವರು ಗೋಡೆಗೆ ಉಜ್ಜಿಕೊಂಡು, ಒಮ್ಮೆ ನಿಂತು, ಹೆಗಲು ಬದಲಾಯಿಸಿ, ಮತ್ತೆ ತಿರುಗಬೇಕಾಯಿತು. ಹೆಂಗಸರು ನಾವು ಕಮಾನಿನ ಹತ್ತಿರವೇ ನಿಂತೆವು. ಹೊರಗೆ ಬಂದವರೆಲ್ಲರ ಹೆಗಲೂ ಬೆಳ್ಳಗಾಗಿತ್ತು, ಮೈದುನನದು, ಮೇಸ್ತ್ರಿಯದು, ನಮ್ಮೆಜಮಾನರದು. ಆ ಅಂಗಿಯನ್ನು ನಾನು ತುಂಬ ದಿನ ಒಗೆಯಲಿಲ್ಲ.

ಅವರು ಹೋದ ಮೇಲೆ ನಲವತ್ತನೇ ದಿನದ ಫಾತೆಹಾ. ಓಣಿಯಲ್ಲಿ ಅಡಿಗೆ ನಡೆಯುತ್ತಿತ್ತು. ನೀರು ತರಲು ಹೊರಗೆ ಹೋದವಳು ನೋಡಿದೆ, ಕಮಾನಿನ ಪಕ್ಕದ ಗೋಡೆಯ ಮೇಲೆ ಹೊಸದಾಗಿ ಕೆಂಪು ಗುರುತು. ಬಾಗಿಲು ಕೆಡವುವ ಹಳೆಯ ಠರಾವನ್ನು ಯಾರೂ ರದ್ದು ಮಾಡಿರಲಿಲ್ಲ. ಮುದುಕಿ ಇಲ್ಲ, ಇನ್ನು ಯಾರು ಕೇಳುತ್ತಾರೆ ಅಂತ ಲೆಕ್ಕ ಹಾಕಿದ್ದಾರೆ. ಹಳೆಯ ಓವರ್‌ಸಿಯರು ಪೆನ್ಷನ್ ತಗೊಂಡಿದ್ದರು. ಇವನು ಯಾರೋ ಹೊಸಬ, ತೋಳು ಮಡಚಿದ ಪಾಲಿಯೆಸ್ಟರ್ ಶರ್ಟು. ನಾನು ಕೊಡ ಅಲ್ಲೇ ಇಟ್ಟು ಒಳಗೆ ಹೋಗಿ, ಓನರಮ್ಮ ನೆನೆಹಾಕಿ ಹೋಗಿದ್ದ ಸುಣ್ಣದ ಹಳ್ಳದ ಮುಚ್ಚಳ ತೆಗೆದೆ. ಬೆಣ್ಣೆಯಂತಾಗಿತ್ತು. ನಮ್ಮೆಜಮಾನರು ಕೇಳದೆಯೇ ಬಂದು ಬಕೆಟ್ಟಿಗೆ ನೀರು ಹಾಕಿ ಕದಡಿದರು, ತಾವೇ ಹೊತ್ತು ತಂದು ಗೋಡೆಯ ಬುಡದಲ್ಲಿಟ್ಟರು.

ಕುಂಚ ಅದ್ದಿ ಮೊದಲನೇ ಪಟ್ಟೆ ಎಳೆಯುವಷ್ಟರಲ್ಲಿ ಹೊಸ ಓವರ್‌ಸಿಯರ್ ಓಡಿ ಬಂದ.

"ಏನಮ್ಮಾ ಇದು? ಇವತ್ತು ಯಾವ ಹಬ್ಬ?"

"ನಮ್ಮ ಓನರಮ್ಮಂದು," ಅಂದೆ. "ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಸುಣ್ಣ ಸಿಡಿಯುತ್ತೆ."